ಕ್ರಯೋ ಕೊಟ್ಟರೂ ಇಳಿಯದ ಬಾವು

ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಿಂದ ಹತ್ತು ವರ್ಷದ ಹುಡುಗನನ್ನು ತಾಯಿ ಹಾಸನಕ್ಕೆ ಕರೆತಂದಾಗ, ಅವನ ಬಲಮಂಡಿ ಊದಿ, ಬಿಸಿಯಾಗಿ, ಅರ್ಧ ಮಡಚಿದಂತೆಯೇ ನಿಂತುಬಿಟ್ಟಿತ್ತು. ಕೈಯಲ್ಲಿದ್ದ ಹಳೆಯ ಚೀಟಿಯಲ್ಲಿ ‘ಹಿಮೋಫಿಲಿಯಾ’ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಎಂದಷ್ಟೇ ಇತ್ತು. ಯಾವ ಬಗೆಯದೆಂದು ಬರೆದಿರಲಿಲ್ಲ. ಹಿಂದಿನ ದಿನ ಬೇರೊಂದು ಕಡೆ ಎರಡು ಚೀಲ ಕ್ರಯೋಪ್ರೆಸಿಪಿಟೇಟ್ (ರಕ್ತದ ದ್ರವಭಾಗವಾದ ಪ್ಲಾಸ್ಮಾದಿಂದ ತೆಗೆದ ಸಾಂದ್ರ ಅಂಶ, ಚಿಕ್ಕದಾಗಿ ಕ್ರಯೋ) ಹಾಕಿಸಿದ್ದರೂ ಬಾವು ಏರಿತ್ತೇ ಹೊರತು ಇಳಿದಿರಲಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಾದ ಫ್ಯಾಕ್ಟರುಗಳ ಪರೀಕ್ಷೆ ಮಾಡಿಸಿದಾಗ ಕಾರಣ ತಿಳಿಯಿತು. ಹುಡುಗನಿಗಿದ್ದದ್ದು ಒಂಬತ್ತನೆಯ ಫ್ಯಾಕ್ಟರಿನ ಕೊರತೆ, ಅಂದರೆ ಹಿಮೋಫಿಲಿಯಾ ಬಿ. ಕ್ರಯೋದಲ್ಲಿ ಎಂಟನೆಯ ಫ್ಯಾಕ್ಟರ್ ಇರುತ್ತದೆ, ಒಂಬತ್ತನೆಯದು ಇರುವುದಿಲ್ಲ.

ಈ ತಪ್ಪು ಅಪರೂಪದ್ದಲ್ಲ. ಎಂಟನೆಯ ಫ್ಯಾಕ್ಟರಿನ ಕೊರತೆಯಾದ ‘ಎ’ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬಂದರೆ, ‘ಬಿ’ ಸುಮಾರು 25,000ದಿಂದ 30,000 ಮಂದಿಯಲ್ಲಿ ಒಬ್ಬರಿಗೆ ಬರುತ್ತದೆ; ಆದ್ದರಿಂದ ಹಿಮೋಫಿಲಿಯಾ ಎಂದ ಕೂಡಲೇ ‘ಎ’ ಎಂದುಕೊಳ್ಳುವುದು ನಮ್ಮ ವೈದ್ಯರ ಅಭ್ಯಾಸ. ಹೊರನೋಟಕ್ಕೆ ಎರಡೂ ಒಂದೇ ಕಾಯಿಲೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಎಪಿಟಿಟಿ ಪರೀಕ್ಷೆಯಲ್ಲೂ ಎರಡಕ್ಕೂ ಒಂದೇ ಬಗೆಯಲ್ಲಿ ತಡವಾಗುತ್ತದೆ. ಇವು ಬೇರೆ ಬೇರೆ ಎಂಬುದು ವೈದ್ಯಲೋಕಕ್ಕೆ ಸ್ಪಷ್ಟವಾದದ್ದು 1952ರ ಸುಮಾರಿಗೆ. ಸ್ಟೀಫನ್ ಕ್ರಿಸ್ಮಸ್ ಎಂಬ ಬಾಲಕನ ಹೆಸರಿನಿಂದ ‘ಬಿ’ಗೆ ಕ್ರಿಸ್ಮಸ್ ಕಾಯಿಲೆ ಎಂಬ ಹೆಸರೂ ಬಂತು. ‘ಎ’ ಇರುವವರಿಗೆ ಚರ್ಮದಡಿ ಚುಚ್ಚುವ ಎಮಿಸಿಜುಮ್ಯಾಬ್ ಎಂಬ ಔಷಧ ಬಂದಿದೆಯಲ್ಲ, ನಮ್ಮವನಿಗೂ ಕೊಡಿ ಎಂದು ಕೇಳುವವರಿದ್ದಾರೆ. ಅದು ‘ಬಿ’ಗೆ ಉಪಯೋಗವಿಲ್ಲ.

ಫ್ಯಾಕ್ಟರಿನ ಲೆಕ್ಕ ಕಷ್ಟದ್ದಲ್ಲ. ಆರೋಗ್ಯವಂತರ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿರುವಷ್ಟು ಫ್ಯಾಕ್ಟರಿಗೆ ಒಂದು ಯೂನಿಟ್ ಎನ್ನುತ್ತೇವೆ. ಪ್ಲಾಸ್ಮಾದಿಂದ ತಯಾರಿಸಿದ ಒಂಬತ್ತನೆಯ ಫ್ಯಾಕ್ಟರನ್ನು ದೇಹತೂಕದ ಕಿಲೋಗೆ ಒಂದು ಯೂನಿಟ್ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಶೇಕಡಾ ಒಂದರಷ್ಟು ಏರುತ್ತದೆ. ಹುಡುಗನ ತೂಕ 25 ಕಿಲೋ, ಮಟ್ಟವನ್ನು ಶೇ. 40ಕ್ಕೆ ತರಬೇಕೆಂದರೆ 1,000 ಯೂನಿಟ್ ಬೇಕು. ಅಷ್ಟನ್ನೂ ಬರೀ ಪ್ಲಾಸ್ಮಾದಿಂದ ತುಂಬಲು ಹೋದರೆ ಒಂದು ಲೀಟರ್ ಹರಿಸಬೇಕಾಗುತ್ತದೆ, ಆ ಪುಟ್ಟ ಹೃದಯ ಅದನ್ನು ತಡೆಯುವುದಿಲ್ಲ. ಎಂಟನೆಯ ಫ್ಯಾಕ್ಟರ್ ಯೂನಿಟ್ಟಿಗೆ ಶೇಕಡಾ ಎರಡರಷ್ಟು ಏರುವುದರಿಂದ, ‘ಎ’ ರೋಗಿಗಳ ಲೆಕ್ಕ ರೂಢಿಯಾದ ಕೈ ‘ಬಿ’ ರೋಗಿಗೆ ಅರ್ಧ ಡೋಸ್ ಬರೆದುಬಿಡುವುದುಂಟು. ರೀಕಾಂಬಿನೆಂಟ್ (ಪ್ಲಾಸ್ಮಾದಿಂದಲ್ಲದೆ ಜೀನ್ ತಂತ್ರದಿಂದ ತಯಾರಿಸಿದ) ಫ್ಯಾಕ್ಟರಾದರೆ ಮಕ್ಕಳಲ್ಲಿ ಏರಿಕೆ ಇನ್ನೂ ಕಡಿಮೆ, ಯೂನಿಟ್ಟಿಗೆ ಸುಮಾರು 0.7, ಆಗ ಇದೇ ಹುಡುಗನಿಗೆ 1,400ಕ್ಕಿಂತ ಹೆಚ್ಚು ಬೇಕು. ಒಂದು ಅನುಕೂಲವಿದೆ: ಒಂಬತ್ತನೆಯದರ ಅರ್ಧಾಯು, ಅಂದರೆ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಹಿಡಿಯುವ ಹೊತ್ತು, 18ರಿಂದ 24 ಗಂಟೆಯಾದ್ದರಿಂದ ದಿನಕ್ಕೊಮ್ಮೆ ಕೊಟ್ಟರೆ ಸಾಮಾನ್ಯವಾಗಿ ಸಾಕು. ಎರಡು ಬಸ್ಸು ಹತ್ತಿ ಬರುವವರಿಗೆ ಇದು ಸಣ್ಣ ಮಾತಲ್ಲ.

ಬಾವು ಕಾಣುವವರೆಗೆ ಕಾಯುವುದು ಇನ್ನೊಂದು ತಪ್ಪು. “ಮೊನ್ನೆ ಬೆಳಿಗ್ಗೆನೇ ಅಂದ ಸಾರ್, ಮಂಡಿ ಒಳಗೆ ಚುಮುಚುಮು ಅಂತದೆ ಅಂತ. ಸ್ಕೂಲು ತಪ್ಪಿಸಕ್ಕೆ ಹಂಗಂತಾನೆ ಅನ್ಕಂಡೆ,” ಎಂದರು ತಾಯಿ. ಆ ಚುಮುಚುಮು ಎನ್ನುವುದೇ ಕೀಲಿನೊಳಗೆ ರಕ್ತ ಜಿನುಗಲು ಆರಂಭವಾದ ಸೂಚನೆ, ಫ್ಯಾಕ್ಟರ್ ಕೊಡಬೇಕಾದ ಹೊತ್ತೂ ಅದೇ. ತಲೆಗೆ ಪೆಟ್ಟು ಬಿದ್ದಿದ್ದರಂತೂ ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಆಸ್ಪಿರಿನ್, ಐಬುಪ್ರೊಫೆನ್ ಮತ್ತು ಸೊಂಟದ ಇಂಜೆಕ್ಷನ್ ಬೇಡ.

ಮನೆಯಲ್ಲೇ ಕೊಡುವುದನ್ನು ಆ ತಾಯಿಗೆ ಕಲಿಸುತ್ತಿದ್ದೇವೆ. ಫ್ರಿಜ್ಜಿನಿಂದ ತೆಗೆದ ಫ್ಯಾಕ್ಟರ್ ಪುಡಿಯ ವೈಲು (ಪುಟ್ಟ ಸೀಸೆ) ಕೋಣೆಯ ಬಿಸಿಗೆ ಬಂದ ಮೇಲೆ ಅದರ ಜೊತೆ ಬಂದ ನೀರನ್ನೇ ಸೀಸೆಯ ಗೋಡೆಗುಂಟ ಇಳಿಬಿಟ್ಟು, ಪುಡಿ ಕರಗುವವರೆಗೆ ಮೆಲ್ಲಗೆ ಸುತ್ತಿಸಬೇಕು. ಕುಲುಕಿದರೆ ನೊರೆ ಬರುತ್ತದೆ, ಪ್ರೋಟೀನು ಕೆಡಬಹುದು. ಮೊದಲ ದಿನ ಅವರು ಅಭ್ಯಾಸಬಲದಿಂದ ಕೆಮ್ಮಿನ ಸಿರಪ್ಪಿನಂತೆ ಕುಲುಕಲು ಹೊರಟು, ನರ್ಸ್ ಕೈ ಹಿಡಿದಾಗ ನಕ್ಕುಬಿಟ್ಟರು. ಈಗ ಪ್ರತಿ ವೈಲಿನ ಚೀಟಿಯನ್ನೂ ಕಿತ್ತು, ದಿನಾಂಕದ ಎದುರು ಮಗನ ಹಳೆಯ ಕಾಪಿ ಪುಸ್ತಕದಲ್ಲಿ ಅಂಟಿಸುತ್ತಾರೆ.

ಅವರ ಎಂಟು ತಿಂಗಳ ಎರಡನೆಯ ಮಗನಿಗೂ ಪರೀಕ್ಷೆ ಮಾಡಿಸಿದೆವು. ಮಟ್ಟ ಶೇಕಡಾ ಒಂದಕ್ಕಿಂತ ಕಡಿಮೆ, ಅಂದರೆ ತೀವ್ರ ಬಗೆ. ಅವನಿಗೆ ಇನ್ನೂ ಫ್ಯಾಕ್ಟರ್ ಕೊಟ್ಟಿಲ್ಲ. ‘ಬಿ’ಯಲ್ಲಿ ಫ್ಯಾಕ್ಟರಿಗೆ ಎದುರಾಳಿಯಾಗಿ ಹುಟ್ಟುವ ಇನ್ಹಿಬಿಟರ್ ಕೆಲವರಲ್ಲಷ್ಟೇ ಕಾಣಿಸಿಕೊಂಡರೂ, ಅದರ ಜೊತೆಗೆ ಉಸಿರು ಕಟ್ಟುವಂಥ ತೀವ್ರ ಅಲರ್ಜಿ ಬರಬಹುದು, ಅದೂ ಆರಂಭದ ಡೋಸುಗಳಲ್ಲೇ. ಆದ್ದರಿಂದ ಮೊದಲ ಹತ್ತಿಪ್ಪತ್ತು ಡೋಸುಗಳನ್ನು ಅಡ್ರಿನಲಿನ್ ಕೈಗೆಟಕುವಂತಿರುವ ವಾರ್ಡಿನಲ್ಲೇ ಕೊಡಬೇಕು. ಅಣ್ಣನಿಗೆ ಹಿತ್ತಿಲಲ್ಲಿ ಕೂತು ಕೊಡುವುದನ್ನು ಕಲಿತ ತಾಯಿಗೆ, ತಮ್ಮನ ವಿಷಯದಲ್ಲಿ ಮನೆಯಲ್ಲಿ ಕೈ ಹಾಕಬೇಡಿ, ಹಾಸನಕ್ಕೇ ಬನ್ನಿ ಎಂದು ಅವರ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಟ್ಟಿದ್ದೇನೆ. ಅದರ ಮೇಲೆ ಕೆಂಪು ಶಾಯಿಯಲ್ಲಿ, ದೊಡ್ಡದಾಗಿ: ‘ಬಿ, ಫ್ಯಾಕ್ಟರ್ 9’.