‘ನುಸುಳುಕೋರ’ ಬರೆದು ಅಂಕ ಕಳೆದುಕೊಂಡ ಕತೆ

ನಾಳೆ ಇಂಟರ್ನಲ್ಸ್. ವಿಷಯ: ವಲಸೆಯ ಸುದ್ದಿಯಲ್ಲಿ ಪದಗಳ ಆಯ್ಕೆ. ಶಿವಮೊಗ್ಗದ ರೂಮಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೈಯಲ್ಲಿ ಬರೆದರೇ ನನ್ನ ತಲೆಗೆ ಹತ್ತುವುದು.

ವಲಸಿಗ ಅಂದರೆ ಊರು ಬಿಟ್ಟು ಬಂದವರು, ಕಾರಣ ಏನೇ ಇರಲಿ. ನಿರಾಶ್ರಿತ ಅಂದರೆ ಧರ್ಮ, ಜನಾಂಗ, ರಾಜಕೀಯದ ಕಾರಣಕ್ಕೆ ಕಿರುಕುಳಕ್ಕೆ ಹೆದರಿ ದೇಶ ಬಿಟ್ಟವರು. 1951ರ ವಿಶ್ವಸಂಸ್ಥೆಯ ಒಪ್ಪಂದ ಹೇಳುವುದು ಹೆಚ್ಚುಕಮ್ಮಿ ಇಷ್ಟು. ಭಾರತ ಅದಕ್ಕೆ ಸಹಿ ಹಾಕಿಲ್ಲ. ಕನ್ನಡದಲ್ಲಿ ಈ ಪದ ಇನ್ನೂ ಸಡಿಲ: ಭಿಕ್ಷುಕರನ್ನು ಇರಿಸುವ ಸರ್ಕಾರಿ ಜಾಗಕ್ಕೂ ‘ನಿರಾಶ್ರಿತರ ಪರಿಹಾರ ಕೇಂದ್ರ’ ಅಂತಲೇ ಹೆಸರು. ಅಡಿಕೆ ಕೊಯ್ಲಿಗೆ ಅಸ್ಸಾಮಿನಿಂದ ಬಂದವರು ಬರೀ ವಲಸೆ ಕಾರ್ಮಿಕರು. ಅವರು ದೇಶದ ಗಡಿ ದಾಟಿಲ್ಲ.

ಈಗ ನಾನು ಎಡವಿದ ಜಾಗ. ಅಭ್ಯಾಸದ ವರದಿಯ ಶೀರ್ಷಿಕೆಯಲ್ಲಿ ‘ವೀಸಾ ಅವಧಿ ಮೀರಿದ ನುಸುಳುಕೋರರ ಪತ್ತೆ’ ಅಂತ ಬರೆದಿದ್ದೆ. ಮೇಷ್ಟ್ರು ಕೆಂಪು ಗೆರೆ ಎಳೆದರು. ಎರಡು ದಿನ ಕಾರಣವೇ ಹೊಳೆಯಲಿಲ್ಲ. ಕೊನೆಗೆ ಹೊಳೆದದ್ದು ತೀರ್ಥಹಳ್ಳಿ ಬಸ್ಸಿನಲ್ಲಿ.

ಒಬ್ಬ ಟಿಕೆಟ್ ತೆಗೆಸದೆ ಕೂತಿದ್ದಾನೆ. ಇನ್ನೊಬ್ಬ ಮಂಡಗದ್ದೆಗೆ ಟಿಕೆಟ್ ತೆಗೆಸಿ, ಅಲ್ಲಿ ಇಳಿಯದೆ ತೀರ್ಥಹಳ್ಳಿ ತನಕ ಬಂದಿದ್ದಾನೆ. ಇಬ್ಬರದ್ದೂ ತಪ್ಪೇ. ಆದರೆ ಎರಡನೆಯವನು ಕದ್ದು ಹತ್ತಿದವನಲ್ಲ, ಅಲ್ವಾ? ವೀಸಾ ಮುಗಿದವನೂ ಹಾಗೇ. ಬಾಗಿಲಲ್ಲೇ ಬಂದಿದ್ದಾನೆ, ಪಾಸ್‌ಪೋರ್ಟಿಗೆ ಮುದ್ರೆ ಬಿದ್ದಿದೆ. ಹೊರಗೆ ಹೋಗಿಲ್ಲ, ಅಷ್ಟೇ. ಅವನು ನುಸುಳಿದ್ದೆಲ್ಲಿ?

ನಮ್ಮ ಪೌರತ್ವ ಕಾಯ್ದೆಯಲ್ಲಿ ‘ಅಕ್ರಮ ವಲಸಿಗ’ ಅನ್ನುವ ಮಾತು ಇದೆ, ಅದರೊಳಗೆ ಕದ್ದು ಗಡಿ ದಾಟಿದವನು, ವೀಸಾ ಮುಗಿದವನು ಇಬ್ಬರೂ ಸೇರುತ್ತಾರೆ. ನನ್ನ ಗೊಂದಲದ ಬೇರು ಇದೇ. ಕಾಯ್ದೆ ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕಿದೆ ಅಂತ ನಾನು ಇಬ್ಬರಿಗೂ ‘ನುಸುಳುಕೋರ’ ಅನ್ನುವ ಒಂದೇ ಹೆಸರು ಹಚ್ಚಿದ್ದೆ.

ಇನ್ನೊಂದು ಹೆಜ್ಜೆ ಮುಂದೆ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2013ರಲ್ಲಿ ‘ಅಕ್ರಮ’ ಪದವನ್ನು ಮನುಷ್ಯನಿಗೆ ಹಚ್ಚುವುದನ್ನು ಬಿಟ್ಟಿತು. ಅಕ್ರಮ ಆಗುವುದು ಮಾಡಿದ ಕೆಲಸ, ಮನುಷ್ಯನಲ್ಲ ಅನ್ನುವುದು ಅವರ ವಾದ. ಕನ್ನಡದಲ್ಲಿ ಇದಕ್ಕೆ ನನ್ನದೊಂದು ಸುಲಭ ದಾರಿ ಇದೆ: ಪದಕ್ಕೆ ‘ಆಗಿ’ ಹಚ್ಚಿ. ‘ಅಕ್ರಮ ವಲಸಿಗ’ ಹೋಗಿ ‘ಅಕ್ರಮವಾಗಿ ಬಂದವರು’ ಆಗುತ್ತದೆ, ತಪ್ಪು ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ. ಹಾಗೆ ಬರೆಯುವಾಗ ‘ಬಂದದ್ದೋ, ಉಳಿದದ್ದೋ?’ ಅನ್ನುವ ಪ್ರಶ್ನೆ ತಾನಾಗಿ ಎದುರಿಗೆ ಬರುತ್ತದೆ. ಬಸ್ಸಿನ ಇಬ್ಬರೂ ಅಲ್ಲೇ ಬೇರೆ ಆಗುತ್ತಾರೆ.

ನೀರಿನ ಪದಗಳ ಬಗ್ಗೆಯೂ ಕೇಳಬಹುದು. ಜುಲೈನಲ್ಲಿ ನಮ್ಮ ಪತ್ರಿಕೆ ತೆರೆದರೆ ಲಿಂಗನಮಕ್ಕಿ ಅಣೆಕಟ್ಟಿನ ಒಳಹರಿವು, ಗರಿಷ್ಠ ಮಟ್ಟ 1819 ಅಡಿ. ಅದೇ ‘ಒಳಹರಿವು’, ‘ಮಹಾಪೂರ’ ಜನರಿಗೂ ಬಂದರೆ, ಓದುವವನ ತಲೆ ಸುಮ್ನೆ ಗೇಟು ಮುಚ್ಚುವ ಕಡೆ ಓಡುತ್ತದೆ. ಎಷ್ಟು ಜನ ಅಂತ ಬರೆದರೆ ಸಾಕು.

ಶೀರ್ಷಿಕೆಗೆ ಜಾಗ ಸಾಲುವುದಿಲ್ಲ ಅಂತ ಗೆಳೆಯ ವಾದ ಮಾಡಿದ. ನನ್ನ ಹಳೇ ಶೀರ್ಷಿಕೆ ತೆಗೆದು ಹೊಸದು ಬರೆದೆ: ‘ವೀಸಾ ಮುಗಿದವರ ಪತ್ತೆ’. ಎರಡು ಪದ ಕಮ್ಮಿಯೇ ಆಯಿತು.