ಕಾಗೋಡು ಪಾಠ: ಎರಡು ಡಬ್ಬ, ಒಂದು ಪಹಣಿ

ಪ್ರಶ್ನೆ: ಇಸವಿ ಬಾಯಿಪಾಠ ಮಾಡಿಸದೆ ಹೈಸ್ಕೂಲು ಮಕ್ಕಳಿಗೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡು ಸತ್ಯಾಗ್ರಹವನ್ನು ಒಂದೇ ಪಿರಿಯಡ್ಡಿನಲ್ಲಿ ಕಲಿಸುವುದು ಹೇಗೆ?

ಕಲಿಸಬಹುದು. ಆದರೆ ‘ಸತ್ಯಾಗ್ರಹ ಆಯಿತು, ಗೇಣಿದಾರರಿಗೆ ಜಮೀನು ಸಿಕ್ಕಿತು’ ಎಂಬ ಸಾಲನ್ನು ಮೊದಲು ಬೋರ್ಡಿನಿಂದ ಒರೆಸಿ. ಸಾಗರದ ಸುತ್ತಮುತ್ತಲ ಶಾಲೆಗಳಲ್ಲೇ ಇದನ್ನು ಹೀಗೆ ಹೇಳಿಕೊಡುತ್ತಾರೆ. ಎಷ್ಟು ಸಲ ತಿದ್ದಿದರೂ ಮುಂದಿನ ವರ್ಷ ಮತ್ತೆ ಅದೇ ಸಾಲು.

1951ರಲ್ಲಿ ಕಾಗೋಡಿನ ದೀವರ ಸಮುದಾಯದ ಗೇಣಿದಾರರು, ಅಂದರೆ ಬೇರೆಯವರ ಜಮೀನು ಗೇಣಿಗೆ ಉಳುವವರು, ತಕರಾರು ತೆಗೆದದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಜಮೀನಿನ ಒಡೆಯರ ಕೊಳಗ ದೊಡ್ಡದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಬಂಧನವಾಯಿತು, ದೇಶಕ್ಕೆಲ್ಲ ಸುದ್ದಿ ಮುಟ್ಟಿತು. ಜಮೀನಿನ ಹಕ್ಕು ಮಾತ್ರ ಬರಲಿಲ್ಲ. ಭೂಸುಧಾರಣಾ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ಅದಕ್ಕೆ ಹಲ್ಲು ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿ ಜಮೀನೆಲ್ಲ ಆ ದಿನ ಸರ್ಕಾರಕ್ಕೆ ಸೇರಿತು. ಆಗಲೂ ತಾನಾಗಿ ಯಾರ ಹೆಸರಿಗೂ ಬರಲಿಲ್ಲ. ಗೇಣಿದಾರ ಫಾರಂ 7ರಲ್ಲಿ ಅರ್ಜಿ ಹಾಕಬೇಕು, ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ಭೂ ನ್ಯಾಯಮಂಡಳಿ ವಿಚಾರಣೆ ನಡೆಸಬೇಕು. ವಾಯಿದೆ ಮುಂದಕ್ಕೆ ಹೋಗುತ್ತ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ಅಷ್ಟರೊಳಗೆ ಅರ್ಜಿ ಹಾಕದವನು ಎಷ್ಟು ತಲೆಮಾರು ಉತ್ತಿದ್ದರೂ ಆ ದಾರಿ ಮುಚ್ಚಿತು. ಚಳವಳಿಗೂ ಕಾಯ್ದೆಗೆ ಹಲ್ಲು ಬಂದದ್ದಕ್ಕೂ ನಡುವೆ 23 ವರ್ಷ, ಕಾಯ್ದೆಗೂ ಪಹಣಿಗೂ (ಜಮೀನು ಯಾರದು, ಸಾಗುವಳಿ ಯಾರದು ಎಂಬ ಸರ್ಕಾರಿ ದಾಖಲೆ) ನಡುವೆ ಒಂದು ಅರ್ಜಿ. ಮಕ್ಕಳಿಗೆ ಕಾಣಬೇಕಾದದ್ದು ಈ ಅಂತರ. ಪೌರನೀತಿ ಇರುವುದೇ ಅಲ್ಲಿ.

ಇನ್ನು ಪಿರಿಯಡ್ಡು. ಮೂರು ಸೇರಿನದೊಂದು, ಮೂರೂವರೆ ಸೇರಿನದೊಂದು ಡಬ್ಬ ತನ್ನಿ, ಕೊಳಗದ ಬದಲಿಗೆ; ಜೊತೆಗೆ ಭತ್ತ. ಈ ಅಳತೆ ಲೆಕ್ಕಕ್ಕಾಗಿ ಮಾತ್ರ, ಕಾಗೋಡಿನ ಕೊಳಗ ಇಷ್ಟೇ ಇತ್ತು ಎಂದು ಹೇಳಿಬಿಡಬೇಡಿ. ಮಕ್ಕಳೇ ಅಳೆಯಲಿ. 20 ಕೊಳಗಕ್ಕೆ ಒಂದು ಖಂಡುಗ, ಹಾಗಾದರೆ ಖಂಡುಗಕ್ಕೆ ಹೆಚ್ಚಿಗೆ ಹೋಗುವುದು 10 ಸೇರು. ಹತ್ತು ನಿಮಿಷ ಸಾಕು. ಆಮೇಲೆ ಒಂದೇ ಪ್ರಶ್ನೆ: ಕೊಳಗ ಯಾರ ಮನೆಯದು?

ಉಳಿದ ಅರ್ಧ ಗಂಟೆ ಪಹಣಿಗೆ. 9ನೇ ಕಾಲಂ ಮಾಲೀಕ, 10 ಜಮೀನು ಬಂದ ಬಗೆ, 12 ಸಾಗುವಳಿ. ಪಾಠ ಕೆಡುವುದೂ ಇಲ್ಲೇ. ‘ನಿಮ್ಮನೆ ಪಹಣಿ ತನ್ನಿ’ ಎಂದರೆ ಒಡೆಯರ ಮೊಮ್ಮಗಳೂ ಗೇಣಿದಾರರ ಮೊಮ್ಮಗನೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಇತಿಹಾಸ ಹೋಗಿ ಮನೆಜಗಳ, ಜಾತಿಜಗಳ ಶುರು. ಬೇರೆ ತಾಲ್ಲೂಕಿನ ಪಹಣಿ ತಂದು, ಹೆಸರುಗಳಿಗೆ ಕಾಗದ ಅಂಟಿಸಿ ಜೆರಾಕ್ಸ್ ಮಾಡಿಸಿ.

ಯಾರೂ ಕೇಳದಿದ್ದರೂ ಇದೊಂದು ಹೇಳಿಬಿಡುತ್ತೇನೆ, ಯಾಕೆಂದರೆ ಮೇಷ್ಟ್ರುಗಳೇ ತಪ್ಪುತ್ತಾರೆ. ಫಾರಂ 7 ಬೇರೆ. ಫಾರಂ 50, 53, 57 ಬೇರೆ. ಮೊದಲನೆಯದು ಖಾಸಗಿ ಒಡೆಯರ ಗೇಣಿ ಜಮೀನಿನದು. ಉಳಿದ ಮೂರೂ ಬಗರ್‌ಹುಕುಂ, ಅಂದರೆ ಸರ್ಕಾರಿ ಜಮೀನಿನ ಸಾಗುವಳಿ, ಭೂಕಂದಾಯ ಕಾಯ್ದೆಯ ಕೆಳಗೆ ಬರುವಂಥವು. ಕಾಗೋಡಿಗೂ ಅವಕ್ಕೂ ಸಂಬಂಧವಿಲ್ಲ. ಆ ಅರ್ಜಿಗಳನ್ನು ನೋಡುವ ಬಗರ್‌ಹುಕುಂ ಸಮಿತಿಗೆ ಅಧ್ಯಕ್ಷರು ಶಾಸಕರು, ಕಾರ್ಯದರ್ಶಿ ತಹಶೀಲ್ದಾರ್. ‘ಶಾಸಕರ ಕೆಲಸವೇನು’ ಎಂಬ ಎರಡಂಕದ ಪ್ರಶ್ನೆಗೆ ‘ಶಾಸನ ಮಾಡುವುದು’ ಎಂದಷ್ಟೇ ಬರೆಯುವ ಹುಡುಗನ ಅಪ್ಪ, ಅದೇ ಸಮಿತಿ ಯಾವತ್ತು ಸೇರುತ್ತದೆ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುತ್ತಿರುತ್ತಾನೆ.