ಗುಲ್ಲಿ ದಂಡಾ ಕಳೆ, ಬೀಜದ ಕೋಣ: ಗೋಧಿ–ಎಮ್ಮೆ ಬೇಸಾಯದ ಅಧ್ಯಯನ ಟಿಪ್ಪಣಿ

ಹರಿಯಾಣದ ಭತ್ತ–ಗೋಧಿ ಸೀಮೆಯಲ್ಲಿ ಗೋಧಿಗೆ ದೊಡ್ಡ ಕಾಟ ಫಲಾರಿಸ್ ಮೈನರ್. ಅಲ್ಲಿನವರ ಬಾಯಲ್ಲಿ ಅದು ಗುಲ್ಲಿ ದಂಡಾ, ಇಲ್ಲವೇ ಮಂಡೂಸಿ. 1970ರ ದಶಕದ ಕೊನೆಯಿಂದ ಐಸೊಪ್ರೊಟ್ಯುರಾನ್ ಎಂಬ ಕಳೆನಾಶಕ ಔಷಧಿಯೊಂದನ್ನೇ ವರ್ಷ ವರ್ಷ ಹೊಡೆದರು. 1990ರ ದಶಕದ ಆರಂಭಕ್ಕೆ ಎಷ್ಟು ಹೊಡೆದರೂ ಕಳೆ ಜಗ್ಗಲಿಲ್ಲ.

ಕಾರಣ ಸ್ವಾರಸ್ಯವಾಗಿದೆ. ಐಸೊಪ್ರೊಟ್ಯುರಾನ್ ಬಿದ್ದರೂ ಗೋಧಿ ಬದುಕುವುದು ಔಷಧಿಯನ್ನು ಒಳಗೇ ಒಡೆದುಹಾಕುವ ಪಿ-450 ಕಿಣ್ವಗಳಿಂದ. ತಡೆಶಕ್ತಿ ಬಂದ ಗುಲ್ಲಿ ದಂಡಾದಲ್ಲೂ ಇದೇ ಕಿಣ್ವಗಳು ಚುರುಕಾಗಿವೆ. ಅಂಥ ಗಿಡಗಳು ಹೊಲದಲ್ಲಿ ಮೊದಲೇ ಬೆರಳೆಣಿಕೆಯಷ್ಟು ಇದ್ದವು. ಉಳಿದವು ಸತ್ತವು, ಇವು ಬೀಜ ಉದುರಿಸಿದವು. ಆಮೇಲೆ ಬಂದ ಕ್ಲೋಡಿನಾಫಾಪ್, ಸಲ್ಫೋಸಲ್ಫ್ಯುರಾನ್‌ಗಳಿಗೂ ಹಲವು ಕಡೆ ಇದೇ ಗತಿಯಾಯಿತು. ಡಬ್ಬಿ ಬದಲಿಸುವಾಗ ಹೆಸರು ನೋಡಬೇಡಿ, ಗುಂಪು ನೋಡಿ (ಒಂದೇ ಬಗೆಯಲ್ಲಿ ಕಳೆ ಕೊಲ್ಲುವ ಔಷಧಿಗಳಿಗೆ ಒಂದೇ ಗುಂಪು ಸಂಖ್ಯೆ): ಕ್ಲೋಡಿನಾಫಾಪ್, ಫೆನಾಕ್ಸಾಪ್ರಾಪ್, ಪಿನಾಕ್ಸಡೆನ್ ಮೂರೂ ಗುಂಪು 1. ಒಂದು ಬಿಟ್ಟು ಇನ್ನೊಂದು ಹಿಡಿದರೆ ಅಂಗಡಿಯವನಿಗಷ್ಟೇ ಲಾಭ.

ಗುರುತು: ಎಳೆಯ ಗಿಡ ಥೇಟ್ ಗೋಧಿಯಂತೆಯೇ ಕಾಣುತ್ತದೆ. ಬುಡ ಚಿವುಟಿ ನೋಡಿ, ನಸುಗೆಂಪು ಬಣ್ಣ ಇರುತ್ತದೆ. ಎಲೆ ಕಾಂಡವನ್ನು ಅಪ್ಪುವ ಜಾಗದಲ್ಲಿ ಗೋಧಿಗೆ ಎರಡು ಪುಟ್ಟ ಕಿವಿಗಳಿವೆ, ಇದಕ್ಕಿಲ್ಲ.

ಕಳೆ ಸಾಯದಿದ್ದರೆ ಎಲ್ಲವೂ ತಡೆಶಕ್ತಿಯಲ್ಲ. ಉಳಿದ ಕಳೆ ಪಟ್ಟೆ ಪಟ್ಟೆಯಾಗಿದ್ದರೆ ನಾಜಲ್ ಕಟ್ಟಿದೆ, ಇಲ್ಲವೇ ಸಾಲು ತಪ್ಪಿದೆ. ಸತ್ತ ಗಿಡದ ಪಕ್ಕದಲ್ಲೇ ಅಷ್ಟೇ ವಯಸ್ಸಿನ ಗಿಡ ಹಸಿರಾಗಿ ನಿಂತಿದ್ದರೆ ಅನುಮಾನ ಪಡಿ. ಅದರ ಬೀಜ ಕುಂಡದಲ್ಲಿ ಬಿತ್ತಿ, ಪಕ್ಕದ ಕುಂಡದಲ್ಲಿ ಆ ಔಷಧಿ ಎಂದೂ ಕಾಣದ ಜಾಗದ ಬೀಜ ಬಿತ್ತಿ. ಎರಡಕ್ಕೂ 2–3 ಎಲೆ ಹಂತದಲ್ಲಿ ಲೇಬಲ್ ಪ್ರಮಾಣ ಹೊಡೆದು ಮೂರು ನಾಲ್ಕು ವಾರ ಕಾಯಿರಿ. ಪಕ್ಕದ ಕುಂಡದ್ದು ಸತ್ತು ಇದು ಬದುಕಿದರೆ ತಡೆಶಕ್ತಿಯೇ.

ಅಳತೆಯಲ್ಲಿ ಎಡವುವವರೇ ಹೆಚ್ಚು. 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಒಂದು ಗುಂಟೆ ಗುರುತು ಮಾಡಿ, ಬರೀ ನೀರು ಹೊಡೆಯಿರಿ. 4.5 ಲೀಟರ್ ಖರ್ಚಾದರೆ ಎಕರೆಗೆ 180 ಲೀಟರ್, 15 ಲೀಟರಿನ ಟ್ಯಾಂಕಿಗೆ 12 ಸಲ. ಕ್ಲೋಡಿನಾಫಾಪ್ 15 ಡಬ್ಲ್ಯೂಪಿ (ನೀರಲ್ಲಿ ಕಲಸುವ ಪುಡಿ) ಎಕರೆಗೆ 160 ಗ್ರಾಂ, ಟ್ಯಾಂಕಿಗೆ ಸುಮಾರು 13 ಗ್ರಾಂ. ಫ್ಲ್ಯಾಟ್ ಫ್ಯಾನ್ ನಾಜಲ್ ಹಾಕಿ, ಮೊದಲ ನೀರು ಕೊಟ್ಟ ಮೇಲೆ, ಬಿತ್ತಿದ 30–35 ದಿನಕ್ಕೆ ಹೊಡೆಯಬೇಕು. ಸಲ್ಫೋಸಲ್ಫ್ಯುರಾನ್ ಬಳಸಿದ ಹೊಲಕ್ಕೆ ಹಿಂದೆಯೇ ಮೇವಿನ ಜೋಳ, ಮೆಕ್ಕೆಜೋಳ ಬಿತ್ತಬೇಡಿ. ಮಣ್ಣಲ್ಲಿ ಉಳಿದ ಶೇಷ ಅವನ್ನು ಸುಡುತ್ತದೆ.

ದನಕರು ಇದ್ದವರ ಕೈಯಲ್ಲಿ ಇನ್ನೊಂದು ಒಳ್ಳೆಯ ಅಸ್ತ್ರವಿದೆ: ಗೋಧಿ ಬಿಟ್ಟು ಒಂದೆರಡು ವರ್ಷ ಬರ್ಸೀಮ್ ಎಂಬ ಮೇವಿನ ಬೆಳೆ ಬೆಳೆಯುವುದು. ಮೇವಿಗೆಂದು ಮತ್ತೆ ಮತ್ತೆ ಕೊಯ್ಯುವಾಗ ಗುಲ್ಲಿ ದಂಡಾ ತೆನೆ ಕಟ್ಟುವ ಮೊದಲೇ ಎಮ್ಮೆಯ ಹೊಟ್ಟೆ ಸೇರುತ್ತದೆ. ತೆನೆ ಬಲಿತ ಮೇಲೆ ಕೊಯ್ದು ಹಾಕಿದರೆ ಮಾತ್ರ ಎಡವಟ್ಟು. ಬೀಜದಲ್ಲಿ ಒಂದಿಷ್ಟು ಸೆಗಣಿಯಲ್ಲಿ ಜೀವಂತವಾಗಿ ಹೊರಬಂದು, ಹಸಿಗೊಬ್ಬರದ ಜೊತೆ ಹೊಲಕ್ಕೇ ಮರಳುತ್ತದೆ. ತಿಪ್ಪೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ಕಾಯಬೇಕು. ಹೊರಪದರ ತಣ್ಣಗೇ ಇರುವುದರಿಂದ ಮಗುಚಿ ಒಳಗೆ ಹಾಕಬೇಕು.

ಆ ಸೆಗಣಿ ಬಾಚಲು ಬೀಜದ ಕೋಣದ ಅಂಕಣಕ್ಕೆ ಇಳಿದಾಗಲೇ ಅನಾಹುತವಾಗುವುದು. ಮುರ್ರಾ ತಳಿಯ ಕೋಣ ಐನೂರು ಕಿಲೋ ದಾಟುವ ಪ್ರಾಣಿ, ಸಾಧು ಎಂಬ ಮಾತಿಗೆ ಬೆಲೆ ಕೊಡಬೇಡಿ. ಅಂಕಣವನ್ನು ಎರಡು ಭಾಗ ಮಾಡಿ, ಕೋಣವನ್ನು ಆಚೆಗೆ ದಾಟಿಸಿ ಅಗಳಿ ಹಾಕಿದ ಮೇಲೇ ಈಚೆ ಕಾಲಿಡಿ. ಮೇವು, ನೀರು ಹೊರಗಿನಿಂದಲೇ. ಮೂಲೆಗಳಲ್ಲಿ ಕಂಬಗಳ ನಡುವೆ 35–40 ಸೆಂ.ಮೀ. ಸಂದು ಬಿಟ್ಟಿರಬೇಕು: ಆಳು ನುಸುಳಬಹುದು, ಕೋಣ ನುಸುಳದು.

ಮೂಗುಬಳೆಯನ್ನು ಪಶುವೈದ್ಯರ ಕೈಯಲ್ಲೇ ಹಾಕಿಸಿ. ಹೊಳ್ಳೆಗಳ ನಡುವೆ ಮೃದ್ವಸ್ಥಿಯ ಮುಂದಿನ ಮೆತ್ತನೆಯ ಜಾಗಕ್ಕೆ ಅದು ಕೂರಬೇಕು; ಗಾಯ ಮಾಯುವವರೆಗೆ ಅದನ್ನು ಹಿಡಿದು ಎಳೆಯಬಾರದು. ಬಳೆಯೊಂದನ್ನೇ ಗೂಟಕ್ಕೆ ಕಟ್ಟಿದರೆ ಬೆದರಿ ಜಗ್ಗಿದಾಗ ಮೂಗು ಹರಿದು ಕೋಣ ಬಿಡುಗಡೆಯಾಗುತ್ತದೆ, ಹಾಗಾಗಿ ಭಾರವೆಲ್ಲ ಮುಖದ ಹಗ್ಗದ ಮೇಲಿರಲಿ. ನಡೆಸಲು ಇಬ್ಬರು ಬೇಕು, ಒಬ್ಬರ ಕೈಯಲ್ಲಿ ಬಳೆಗೆ ಕೊಕ್ಕೆ ಹಾಕಿದ ಗಟ್ಟಿ ಕೋಲು. ಹಗ್ಗವನ್ನು ಅಂಗೈಗೆ ಸುತ್ತಿಕೊಂಡವರು ಬೆರಳು ಕಳೆದುಕೊಳ್ಳುತ್ತಾರೆ.

ಹಾಯುವ ಮುನ್ನ ಕೋಣ ಸುಳಿವು ಕೊಡುತ್ತದೆ. ಪಕ್ಕೆ ತೋರಿಸಿ ಅಡ್ಡ ನಿಲ್ಲುತ್ತದೆ, ಬೆನ್ನು ಬಾಗಿಸಿ ತಲೆ ತಗ್ಗಿಸುತ್ತದೆ, ಗುಟುರು ಹಾಕುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ. ಅಡ್ಡ ನಿಂತದ್ದನ್ನು ‘ಸುಮ್ಮನೆ ನಿಂತಿದೆ’ ಎಂದುಕೊಳ್ಳುವುದೇ ಮಾಮೂಲಿ ತಪ್ಪು. ಬೆನ್ನು ತಿರುಗಿಸಿ ಓಡಬೇಡಿ. ಕಣ್ಣು ಅದರ ಮೇಲೇ ಇಟ್ಟು ಸಂದಿನ ಕಡೆಗೆ ಓರೆಯಾಗಿ ಸರಿಯಿರಿ. ಮುನ್ನುಗ್ಗಿದರೆ ಹೆಗಲ ಟವೆಲ್ ಅದರ ಮುಖದ ಮುಂದೆ ಎಸೆದು ಸಂದಿಗೆ ನುಸುಳಿ.